ಅರ್ಧ ಎಲೆ ಹಸಿರಾದ ದಿನ

ಮೊನ್ನೆ ಹುಬ್ಬಳ್ಳಿಯ ಹಳೆಯದೊಂದು ಗಿಡಮೂಲಿಕೆ ಅಂಗಡಿಯಲ್ಲಿ ಅಳಲೆಕಾಯಿ ಕೊಳ್ಳಲು ನಿಂತಿದ್ದೆ. ಕಪಾಟಿನ ಗಾಜಿನ ಭರಣಿಯೊಂದರಲ್ಲಿ ತಿಳಿಹಸಿರು ಹರಳುಗಳು ಕಂಡವು. ಅನ್ನಭೇದಿ! ಹಿಂದೆ ಮಸಿ ಮಾಡಲು, ಬಟ್ಟೆಗೆ ಬಣ್ಣ ಕಟ್ಟಲು ಬಳಸುತ್ತಿದ್ದ ಕಬ್ಬಿಣದ ಉಪ್ಪು ಅದು. ನೋಡಿದ್ದೇ ತಡ, ಎದೆ ಡವಡವ ಹೊಡೆದುಕೊಂಡಿತು. ಈ ವಯಸ್ಸಿನಲ್ಲಿ ಹಾಗಾದರೆ ಬೇರೆಯವರು ಡಾಕ್ಟರರ ಹತ್ತಿರ ಓಡುತ್ತಾರೆ. ನಾನು ಮಾತ್ರ ಒಬ್ಬಳೇ ನಗುತ್ತ ನಿಂತುಬಿಟ್ಟೆ. ಯಾಕೆ ಅಂತೀರಾ? ಹೇಳುತ್ತೇನೆ, ಕೂತುಕೊಳ್ಳಿ.

ಅರವತ್ತರ ದಶಕದ ನಡುವಿನ ಮಾತು. ಧಾರವಾಡದ ಕಾಲೇಜಿನಲ್ಲಿ ಒಂದೇ ಒಂದು ವರ್ಷ ಸೈನ್ಸ್ ಓದಿದ್ದೆ. ಅಷ್ಟರಲ್ಲಿ ಮದುವೆಯಾಗಿ ಹುಬ್ಬಳ್ಳಿಯ ಮನೆ ಸೇರಿದೆ. ಓದು ಮುಂದುವರಿಸುವ ಮಾತನ್ನು ನಮ್ಮವರು ಒಮ್ಮೆ ಅಳುಕುತ್ತಲೇ ಎತ್ತಿದ್ದರು. "ಓದಿದ್ದು ಸಾಕಾತು. ಮನ್ಯಾಗ ಏನ ಕಡಿಮಿ ಐತಿ?" ಎಂದು ಮಾವನವರು ಪತ್ರಿಕೆಯಿಂದ ತಲೆ ಎತ್ತದೆ ಹೇಳಿದ್ದರು. ಮಾತು ಅಲ್ಲಿಗೇ ನಿಂತಿತ್ತು.

ಮಾವನವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯೆಂಬುದು ಅವರ ಮೈಗೆ ಹೊಂದಿರಲಿಲ್ಲ. ಬೆಳಗಾದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಾಳಿಗೆ ಹತ್ತುತ್ತಿದ್ದರು. ಅಲ್ಲಿ ಘಾಸಲೇಟಿನ, ಅಂದರೆ ಸೀಮೆಎಣ್ಣೆಯ, ಹಳೆಯ ಡಬ್ಬಿಗಳಲ್ಲಿ ಲಿಂಬೆಯ ಸಸಿಗಳು ಸಾಲಾಗಿ ನಿಂತಿದ್ದವು. ಗಾಡಿ ಬಿಡುವ ಮೊದಲು ರೈಲಿನ ಡಬ್ಬಿ ಡಬ್ಬಿ ಪರೀಕ್ಷಿಸುವವರಂತೆ ಕೈ ಹಿಂದೆ ಕಟ್ಟಿ ಅವುಗಳ ಮಗ್ಗುಲಲ್ಲಿ ನಡೆಯುತ್ತಿದ್ದರು. ಬೇರೆ ಯಾರೂ ಅವನ್ನು ಮುಟ್ಟುವಂತಿರಲಿಲ್ಲ. ನಾನು ಹಪ್ಪಳ ಒಣಹಾಕಲು ಮೇಲೆ ಹೋದರೂ "ಗಿಡದ ಕಡೆ ಹೋಗಬ್ಯಾಡ" ಎಂದು ಕೆಳಗಿನಿಂದಲೇ ಕೂಗು ಬರುತ್ತಿತ್ತು.

ಓಣಿಯ ಆಚೆ ಹೊಸದಾಗಿ ಹೆಣ್ಣುಮಕ್ಕಳ ಸಾಲೆ ಎದ್ದಿತ್ತು. ಅದರ ಕಂಪೌಂಡಿಗೆ ಮಳೆಗಾಲದ ಹೊತ್ತಿಗೆ ತಮ್ಮ ಕೈಯಾರೆ ಬೆಳೆಸಿದ ಸಸಿ ಕೊಡುತ್ತೇನೆಂದು ಮಾವನವರು ತುಂಬಿದ ಸಭೆಯಲ್ಲಿ ಮಾತು ಕೊಟ್ಟುಬಿಟ್ಟಿದ್ದರು. ಬೇಸಿಗೆ ಬಂತು, ಸಸಿಗಳು ಹಳದಿಗೆ ತಿರುಗಿದವು. ಹಸಿದಿರಬೇಕೆಂದು ಅವರು ಶೇಂಗಾ ಹಿಂಡಿ ಹಾಕಿದರು. ಹಳದಿ ಹೆಚ್ಚಾಯಿತು. ಇನ್ನಷ್ಟು ಹಿಂಡಿ ಹಾಕಿದರು. ಮಾಳಿಗೆಯೆಲ್ಲ ನಾತ, ಇರುವೆ. ಎಲೆಗಳು ಮಾತ್ರ ಅರಿಸಿನ ಹಚ್ಚಿಕೊಂಡಂತೆ. ಮಾವನವರಿಗೆ ಊಟ ಸೇರದಂತಾಯಿತು. ಸಾಲೆಯ ಹೆಡ್‌ಮಾಸ್ತರರು ಎದುರು ಬಂದರೆ ರಸ್ತೆಯ ಆ ಮಗ್ಗುಲಿಗೆ ದಾಟಿ ನಡೆಯತೊಡಗಿದರು.

ಒಂದು ಮಧ್ಯಾಹ್ನ ಅವರು ಮಲಗಿದ್ದಾಗ, ಹಪ್ಪಳದ ನೆವ ಮಾಡಿಕೊಂಡು ನಾನು ಹತ್ತಿರ ಹೋಗಿ ನೋಡಿದೆ. ಬಗ್ಗಿ ನೋಡಿದವಳು ಹಾಗೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಕೆಳಗಿನ ಹಳೆಯ ಎಲೆಗಳು ಹಸಿರಾಗಿಯೇ ಇದ್ದವು! ತುದಿಯ ಎಳೆಯ ಎಲೆಗಳಷ್ಟೇ ಹಳದಿ. ಅವುಗಳಲ್ಲೂ ನರಗಳು ಮಾತ್ರ ಹಸಿರು, ಹಳದಿ ಬಟ್ಟೆಯ ಮೇಲೆ ಹಸಿರು ದಾರದಿಂದ ಹೊಲಿಗೆ ಹಾಕಿದ ಹಾಗೆ. ಕಾಲೇಜಿನಲ್ಲಿ ನಮ್ಮ ಮೇಡಂ ಒಂದು ದಿನ ಎರಡು ಎಲೆ ಹಿಡಿದು ತೋರಿಸಿ, "ಮೊದಲ ಯಾವ ಎಲಿ ಹಳದಿ ಆತು ಅಂತ ಗಿಡಾನ ಕೇಳ್ರಿ, ಅದ ಹೇಳತೈತಿ" ಎಂದಿದ್ದರು. ಆಗ ಕಿಟಕಿಯಾಚೆ ನೋಡುತ್ತಿದ್ದೆನೆಂದು ನನ್ನ ತಿಳುವಳಿಕೆ. ಆದರೆ ಕಿವಿ ಪಾಠದಲ್ಲಿಯೇ ಇತ್ತೆಂದು ಕಾಣುತ್ತದೆ. ಬಿಸಿಲು ನೆತ್ತಿ ಸುಡುತ್ತಿದ್ದರೂ ಒಂದೊಂದೇ ಡಬ್ಬಿ ನೋಡುತ್ತ ಹೋದೆ. ಎಲ್ಲ ಕಡೆಯೂ ಅದೇ!

ಓಡಿ ಕೆಳಗಿಳಿದು ಅತ್ತೆಗೆ ಹೇಳಿದೆ. ಅತ್ತೆ ರೊಟ್ಟಿಯ ಹಿಟ್ಟು ಜರಡಿ ಹಿಡಿಯುತ್ತಿದ್ದರು.

"ಗಿಡಕ್ಕ ಹಸಿವಿ ಆದ್ರ ಹಳೇ ಎಲಿ ತನ್ನ ಕಡೆ ಇದ್ದದ್ದನ್ನ ಹೊಸಾ ಎಲಿಗೆ ಕೊಟ್ಟು ತಾ ಹಳದಿ ಆಗತೈತ್ರಿ. ಇಲ್ಲಿ ಉಲ್ಟಾ ಆಗೈತಿ. ಕಬ್ಬಿಣ ಕಡಿಮಿ ಆಗಿರಬೇಕು. ಕಬ್ಬಿಣ ಒಂದು ಎಲಿಯಿಂದ ಇನ್ನೊಂದಕ್ಕ ಹೋಗಂಗಿಲ್ರಿ."

ಅತ್ತೆ ಜರಡಿ ನಿಲ್ಲಿಸಿದರು. "ಅಂದ್ರ ಹಳೇ ಎಲಿಗೆ ಕೊಡೂ ಮನಸ್ಸಿದ್ರೂ ಕೊಡಾಕ ಬರೂದಿಲ್ಲೇನು? ಪಾಪ!"

ಇಷ್ಟು ಲಗೂ ತಿಳಿದುಕೊಂಡವರು ನನ್ನ ಕ್ಲಾಸಿನಲ್ಲೂ ಇರಲಿಲ್ಲ.

"ಖರೇ ಅಂದ್ರ ಮಣ್ಣಿನ್ಯಾಗ ಕಬ್ಬಿಣ ಇರತೈತ್ರಿ. ಸುಣ್ಣ ಹೆಚ್ಚಾದ್ರ ಬೇರಿಗೆ ಅದು ಸಿಗಂಗಿಲ್ಲ."

"ಸುಣ್ಣೇನ? ನಮ್ಮ ಬಾವಿ ನೀರು ಕಾಯಿಸಿ ಕಾಯಿಸಿ ಹಂಡೇದಾಗ ಬಿಳೀ ಪದರ ಕಟ್ಟೈತಿ ನೋಡು. ಅದ ನೀರನ್ನ ಆ ಗಿಡಕ್ಕ ಹಾಕೂದು!"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಡಬ್ಬಿಯಲ್ಲಿದ್ದುದು ಹೊಲದಿಂದ ತಂದ ಎರೆ ಮಣ್ಣು, ಕಪ್ಪು. ಅದರಲ್ಲಿ ಬಿಳಿಯ ಹರಳುಗಳಿದ್ದವು. ಒಂದೆರಡನ್ನು ಆರಿಸಿ ತಂದು ಅತ್ತೆಯೇ ಕುಟ್ಟಾಣಿಯಲ್ಲಿ ಪುಡಿ ಮಾಡಿದರು. ಸುಣ್ಣವಿದ್ದರೆ ಹುಳಿಗೆ ನೊರೆಯೇಳಬೇಕೆಂದು ನಾನು ಅರ್ಧ ಲಿಂಬೆಹಣ್ಣು ಹಿಂಡಿದೆ. ಪುಡಿ ಬುರುಬುರು ನೊರೆಯೆದ್ದಿತು. ಅತ್ತೆ ಕುಟ್ಟಾಣಿಗೆ ಕಿವಿಗೊಟ್ಟು, "ಬುಸ್ ಅಂತೈತಿ! ಬುಸ್ ಅಂತೈತ್ಯವಾ!" ಎಂದು ನಗಹತ್ತಿದರು. ನನಗೂ ನಗು ತಡೆಯಲಿಲ್ಲ. ಮದುವೆಯಾಗಿ ಬಂದ ಮೇಲೆ ನಾವಿಬ್ಬರೂ ಕೂಡಿ ಅಷ್ಟು ದೊಡ್ಡ ದನಿಯಲ್ಲಿ ನಕ್ಕದ್ದು ಅದೇ ಮೊದಲು.

"ಏನ ನಡದೈತಿ?" ಬಾಗಿಲಲ್ಲಿ ಮಾವನವರು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮ ಗಿಡದ ಬ್ಯಾನಿ ಏನಂತ ಗೊತ್ತಾತು, ಬರ್ರಿ" ಎಂದರು. ನಾನು ತಡವರಿಸುತ್ತ ಎಲ್ಲ ಹೇಳಿ, ಎಲೆಗೆ ಅನ್ನಭೇದಿಯ ನೀರು ಸವರಿ ನೋಡೋಣವೆಂದೆ. ಮಾವನವರು ಕುಟ್ಟಾಣಿಯನ್ನು ನೋಡಿದರು, ನನ್ನನ್ನು ನೋಡಿದರು. ಕೊನೆಗೆ, "ಒಂದ ಎಲಿ. ಮೂಲ್ಯಾಗಿನ ಆ ಸಣ್ಣ ಗಿಡದ್ದು. ಅದೂ ಸತ್ತರ?" ಎಂದರು.

"ಸತ್ತರ ನಾ ಮತ್ತ ಮಾಳಿಗಿ ಹತ್ತಂಗಿಲ್ರಿ, ಮಾವನೋರ."

ನಮ್ಮವರು ಸಂಜೆ ಪೇಟೆಯಿಂದ ಅನ್ನಭೇದಿ ತಂದರು. ಚಿಟಿಕೆಯಷ್ಟನ್ನು ಒಂದು ತಂಬಿಗೆ ನೀರಿನಲ್ಲಿ ಕರಗಿಸಿದೆ. ಗಾಢವಾದರೆ ಎಲೆ ಸುಡುತ್ತದೆಂಬ ಭಯ. ಹತ್ತಿ ಅದ್ದಿ, ಒಂದು ಎಳೆಯ ಎಲೆಯ ಅರ್ಧಕ್ಕೆ ಮಾತ್ರ ಸವರಿದೆ. ಉಳಿದರ್ಧ ಹಾಗೇ ಬಿಟ್ಟೆ, ಹೋಲಿಸಿ ನೋಡಲು.

ಆಮೇಲೆ ಕಾಯುವುದು. ಅಯ್ಯೋ, ಆ ಕಾಯುವಿಕೆ! ರೊಟ್ಟಿ ಬಡಿಯುವಾಗಲೂ ಕಣ್ಣ ಮುಂದೆ ಅದೇ ಎಲೆ. ನಸುಕಿನಲ್ಲಿ ಸದ್ದಿಲ್ಲದೆ ಮೇಲೆ ಹೋದರೆ, ನನಗಿಂತ ಮೊದಲು ಮಾವನವರು ಆ ಗಿಡದ ಮುಂದೆ ಕೂತಿದ್ದರು. "ಗಾಳಿ ಛಲೋ ಐತಿ ಅಂತ ಬಂದೆ" ಎಂದರು. ನಾನೂ ಗಾಳಿಗೇ ಬಂದಿದ್ದೇನೆಂದೆ. ಮಾರನೆಯ ದಿನವೂ ಇಬ್ಬರಿಗೂ ಗಾಳಿ ಬೇಕಾಯಿತು.

ವಾರ ಕಳೆದಿರಬಹುದು. ನಾನು ಅಡುಗೆಮನೆಯಲ್ಲಿದ್ದೆ. ಮಾಳಿಗೆಯಿಂದ, ಸ್ಟೇಷನ್ನಿನ ಈ ತುದಿಯಿಂದ ಆ ತುದಿಗೆ ಕೇಳುವಂಥ ದನಿಯೆದ್ದಿತು. "ಹಸರ! ಹಸರ ಬಂತು! ತಂಗೀ, ಲಗೂ ಬಾ!" ಮಗಳನ್ನು ಕರೆಯುವಂತೆ ನನ್ನನ್ನೇ ಕರೆಯುತ್ತಿದ್ದರು, ಹಿಟ್ಟಿನ ಕೈಯಲ್ಲೇ ಓಡಿದೆ. ಏನು ಅನಾಹುತವೋ ಎಂದು ನೆರೆಯವರೂ ಹೊರಗೆ ಬಂದಿದ್ದರು. ಎಲೆಯ ಒಂದು ಮಗ್ಗುಲು ಹಳದಿ. ನಾನು ಸವರಿದ ಮಗ್ಗುಲು ಹಸಿರು! ಮಾವನವರು ಆ ಎಲೆಯನ್ನು ಬೆರಳ ಮೇಲೆ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸಿದರು. "ನಮ್ಮ ಸೊಸಿ ಮಾಡಿದ್ದು" ಎಂದು ಪ್ರತಿಯೊಬ್ಬರಿಗೂ ಹೇಳಿದರು. ನಾನು ಹಿಟ್ಟಿನ ಕೈಯಿಂದ ಕಣ್ಣು ಒರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡಿದ್ದೆ.

ಎಲೆಗೆ ಸವರುವುದು ತಾತ್ಕಾಲಿಕ ಉಪಾಯ, ಮಣ್ಣನ್ನೇ ಬದಲಿಸಬೇಕಿತ್ತು. ಧಾರವಾಡದ ಕೆಂಪು ಮಣ್ಣು ತರೋಣವೆಂದೆ. ಮಾವನವರು ಚೀಲ ಹಿಡಿದು ಎದ್ದೇಬಿಟ್ಟರು. ದಾರಿ ತೋರಿಸಲು ನಾನೂ ಜೊತೆಗೆ. ಅಲ್ಲಿನ ನನ್ನ ತವರಿನ ಹಿತ್ತಲಿನ ಮಣ್ಣು ತುಂಬಿಕೊಂಡು, ಚೀಲಗಳನ್ನು ಕಾಲ ಹತ್ತಿರ ಇಟ್ಟುಕೊಂಡು ರೈಲಿನಲ್ಲಿ ಮರಳಿದೆವು. ಉಣಕಲ್ ಹತ್ತಿರ ಗಾಡಿ ನಿಧಾನವಾಯಿತು. ಕಿಟಕಿಯ ಹೊರಗೆ ನೋಡುತ್ತಲೇ ಅವರು ಕೇಳಿದರು:

"ನಿನ್ನ ಓದು ಇನ್ನ ಎಷ್ಟ ವರ್ಷದ್ದು ಉಳದೈತಿ?"

ಬೆರಳು ಎತ್ತಿ ತೋರಿಸಿದೆ, ಮೂರು. ಅವರು ತಿರುಗಿ ನೋಡಿ ತಲೆಯಾಡಿಸಿದರು. "ಮುಂಜಾನೆ ಗಾಡಿ ಹೊತ್ತು ನನಗ ಬಾಯಿಪಾಠ ಐತಿ" ಎಂದರು.

ಸಸಿಗಳನ್ನು ಕೆಂಪು ಮಣ್ಣು, ಕಳಿತ ಗೊಬ್ಬರಕ್ಕೆ ಬದಲಿಸಿದೆವು. ಬಾವಿಯ ನೀರು ಬಿಟ್ಟು ಮೊದಲ ಮಳೆಯ ನೀರು ಹಿಡಿದು ಹಾಕಿದೆವು. ಒಂದಿಷ್ಟು ಸತ್ತವು. ಬದುಕಿದವು ಸಾಲೆಯ ಕಂಪೌಂಡು ಸೇರಿದವು. ಗುಂಡಿಗಳಲ್ಲೂ ಕೆಂಪು ಮಣ್ಣೇ ಬೀಳಬೇಕೆಂದು ಮಾವನವರು ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿಕೊಂಡರು. ನಾನು ಕಾಲೇಜು ಸೇರಿದೆ, ಮುಂದೆ ಅದೇ ಪಾಠವನ್ನು ಹೇಳುವವಳೂ ಆದೆ.

ಈಗ ನನಗೆ ಆಗಿನ ಮಾವನವರಿಗಿಂತ ಹೆಚ್ಚು ವಯಸ್ಸು. ಇಷ್ಟು ವರ್ಷ ಈ ಕಥೆ ಹೇಳುವಾಗಲೆಲ್ಲ ನನ್ನ ಜಾಣತನವನ್ನೇ ಮುಂದೆ ಮಾಡಿದ್ದೆ. ಭರಣಿ ನೋಡಿದ ಮೇಲೆ ಬೇರೆಯದೇ ತಲೆಯಲ್ಲಿ ಸುತ್ತುತ್ತಿದೆ. ಜೀವಮಾನವೆಲ್ಲ ಆಜ್ಞೆ ಕೊಟ್ಟವರು, ಮನೆಗೆ ಬಂದ ಹುಡುಗಿಯ ಮಾತು ಕೇಳಿ ಒಂದು ಎಲೆ ಬಿಟ್ಟುಕೊಟ್ಟರಲ್ಲ, ಅದು ನನ್ನಿಂದ ಆಗುತ್ತಿತ್ತೇ?

ನಿನ್ನೆ ಸಂಜೆ ಧಾರವಾಡದಲ್ಲಿ ನಡೆಯುತ್ತಿದ್ದಾಗ ಗೇಟೊಂದರ ಒಳಗೆ ಕುಂಡದ ಗುಲಾಬಿ ಸೊರಗಿದ್ದು ಕಂಡಿತು. ನಿಂತೆ. ಮನೆಯ ಹುಡುಗಿ ಹೊರಗೆ ಬಂದಳು.

"ಯಾರ ಬೇಕಾಗಿತ್ರಿ?"

ಹಿಂದಿನ ನಾನಾಗಿದ್ದರೆ ರೋಗ, ಔಷಧ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದೆ. "ಗಿಡಕ್ಕ ಏನಾಗೈತಿ ಅಂತ ನಿನಗ ಅನಸ್ತೈತಿ?" ಎಂದು ಕೇಳಿದೆ. ಅವಳು ಸಂಕೋಚದಿಂದ ಬಗ್ಗಿದಳು. ಒಂದು ಎಲೆ ಹೊರಳಿಸಿದಳು, ಇನ್ನೊಂದು. ಆಮೇಲೆ ತಟ್ಟನೆ ಮುಖವೆತ್ತಿದಳು, ಕಣ್ಣು ಇಷ್ಟಗಲ.

"ಅಂಚಷ್ಟ ಸುಟ್ಟಂಗ ಆಗ್ಯಾವಲ್ರೀ! ನಡುವ ಏನೂ ಆಗಿಲ್ಲ!"

"ಹೌದಾ? ಇನ್ನೂ ನೋಡು" ಎಂದು ನಾನು ಅವರ ಮೆಟ್ಟಿಲ ಮೇಲೆ ಕೂತೆ.