ಕೌದಿ ಹೊಲಿಯುವ ಕೈಗೆ ಗವಸು

ಮನುಷ್ಯನ ನಾಗರಿಕತೆಯೆಲ್ಲ ಅವನ ಎರಡು ಕೈಗಳಿಂದಲೇ ಹುಟ್ಟಿತೆಂದು ತಿಳಿದವರು ಹೇಳುತ್ತಾರೆ. ಆ ಕೈಗಳಿಗೆ ಸರಿಯಾದ ಗವಸು ಹುಡುಕಿಕೊಂಡು ಹೊಸಪೇಟೆಯ ಬಿಸಿಲಿನಲ್ಲಿ ಅಲೆದವರು ಅವರಲ್ಲಿ ಒಬ್ಬರೂ ಇರಲಾರರು. ಇದ್ದಿದ್ದರೆ ಇಷ್ಟು ಧೈರ್ಯವಾಗಿ ಮಾತಾಡುತ್ತಿರಲಿಲ್ಲ.

ಮೊನ್ನೆ ಬೆಳಿಗ್ಗೆ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತಿದ್ದೆ. ಹೊಸ ರಬ್ಬರು, ಗ್ರೀಸು, ನಾರಿನ ಹಗ್ಗ ಮೂರೂ ಕೂಡಿದ ವಾಸನೆ. ಗ್ಲೌಸು ಬೇಕೆಂದೆ.

"ಯಾವ ಕೆಲಸಕ್ಕ ಸರ್? ಗ್ರೈಂಡಿಂಗಿಗೋ, ಕರೆಂಟ್ ಕೆಲಸಕ್ಕೋ?"

"ಕೌದಿ ಹೊಲಿಯಾಕ."

ಅಂಗಡಿಯವರು ನನ್ನ ಮುಖ ನೋಡಿದರು, ಆಮೇಲೆ ಕೈ ನೋಡಿದರು, ಕೊನೆಗೆ ಪಕ್ಕದ ಗಿರಾಕಿಗೆ ಮೊಳೆ ತೂಗಲು ಹೋದರು. ಅವರ ತಪ್ಪೇನಿಲ್ಲ. ನಿಮಗೂ ಹಾಗೇ ಅನ್ನಿಸಿರಬಹುದು. ಅವರು ತಿರುಗಿ ಬರುವುದರೊಳಗೆ ನಿಮಗಾದರೂ ವಿಷಯ ತಿಳಿಸಿಬಿಡುತ್ತೇನೆ.

ನನ್ನ ಅಕ್ಕ ನೀಲಮ್ಮ ಇರುವುದು ಕಂಪ್ಲಿಯಲ್ಲಿ. ನಮ್ಮ ಮನೆತನದಲ್ಲಿ ಹುಟ್ಟಿದ ಕೂಸುಗಳೆಲ್ಲ ಮೊದಲು ಮಲಗಿದ್ದು ಅವಳು ಕೈಯಲ್ಲಿ ಹೊಲಿದ ಕೌದಿಯ ಮೇಲೆ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿನವರೆಗೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಬರುವ ಕೆಲಸ ಅದು. ಧೋತರ ಹಳೆಯದಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರವೂ ಅಕ್ಕನದೇ. ನಮ್ಮ ಭಾವ ಎಷ್ಟೋ ಸಲ ಸ್ನಾನ ಮಾಡಿ ಬಂದು ಗೂಟದ ಕಡೆ ಕೈಚಾಚಿ, ಅಲ್ಲಿ ಗೂಟ ಮಾತ್ರ ಇರುವುದನ್ನು ಕಂಡಿದ್ದಾರೆ.

ಕೆಲವು ವರ್ಷಗಳ ಹಿಂದೆ ಅಕ್ಕನ ಮಗಳು ಸುಮಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣು ಕೂಸು. ಆ ಹೊತ್ತಿಗೆ ಅಕ್ಕನ ಬೆರಳುಗಳು ಗಂಟುಕಟ್ಟಿ ಸೂಜಿ ಹಿಡಿಯುವುದನ್ನು ಬಿಟ್ಟಿದ್ದವು. ತುದಿಗಳಂತೂ ಸವೆದು ಎಷ್ಟು ನುಣುಪಾಗಿದ್ದವೆಂದರೆ ರೇಷನ್ ಅಂಗಡಿಯ ಮಿಷನ್ನು ಅವಳ ಹೆಬ್ಬೆಟ್ಟನ್ನು ಒಪ್ಪುತ್ತಲೇ ಇರಲಿಲ್ಲ. ಸರ್ಕಾರದ ದೃಷ್ಟಿಯಲ್ಲಿ ಅಕ್ಕನಿಗೆ ಹೆಬ್ಬೆಟ್ಟೇ ಇಲ್ಲ. ಇತ್ತ ಎಮ್ಮಿಗನೂರಿನ ಬೀಗರು ತೊಟ್ಟಿಲಿಗೆ ಹಾಕುವ ದಿನ ರೆಡಿಮೇಡ್ ಹಾಸಿಗೆ ತರುತ್ತಾರೆ, ಅದಕ್ಕೆ ಸೊಳ್ಳೆಪರದೆಯ ಕೊಡೆ ಕೂಡ ಇದೆ ಎಂಬ ಸುದ್ದಿ ಬಂತು.

ಅಕ್ಕ ಮೂಲೆಯಲ್ಲಿದ್ದ ಹೊಲಿಗೆ ಮಿಷನ್ನಿನ ಮೇಲಿನ ಹೊದಿಕೆ ತೆಗೆದಳು. ಅಷ್ಟರಿಂದಲೇ ಎಲ್ಲರಿಗೂ ಅರ್ಥವಾಯಿತು.

ಮಿಷನ್ನಿನಲ್ಲಿ ಕೌದಿ ಹೊಲಿಯುವುದು ಲಂಗ ಹೊಲಿದ ಹಾಗಲ್ಲ. ಕೆಳಗಿನ ಹಲ್ಲುಗಳು ತಳದ ಬಟ್ಟೆಯನ್ನು ಎಳೆದುಕೊಂಡು ಹೋಗುತ್ತವೆ. ಮೇಲಿನ ಪದರಗಳು ಇದ್ದಲ್ಲೇ ಉಳಿದು ಸುಕ್ಕುಗಟ್ಟುತ್ತವೆ. ಎರಡೂ ಅಂಗೈಗಳನ್ನು ಚಪ್ಪಟೆಯಾಗಿ ಊರಿ ಎಲ್ಲ ಪದರಗಳನ್ನೂ ಒಟ್ಟಿಗೆ ನಡೆಸಬೇಕು. ಅಕ್ಕನ ನುಣುಪು ಬೆರಳು ಬಟ್ಟೆಯ ಮೇಲೆ ಜಾರುತ್ತಿದ್ದವು. ಮೊದಲ ದಿನದ ಹೊಲಿಗೆ ತುಂಗಭದ್ರೆಯ ಹಾಗೆ ಬಳುಕಿತು. ಬಿಚ್ಚಿದಳು. ಎರಡನೆಯ ದಿನವೂ ಬಿಚ್ಚಿದಳು. ಆಮೇಲೆ ನನಗೆ ಫೋನು.

"ಲೇ ತಮ್ಮ, ಕೈ ನಿಲ್ಲವಲ್ದು. ಬಟ್ಟಿ ಹಿಡಿಯೋ ಅಂಥ ಗ್ಲೌಸು ಯಾವುದರ ಐತೇನು?"

ಈ ಪ್ರಶ್ನೆಗಾಗಿಯೇ ನಾನು ಬದುಕಿದ್ದೆ ಎಂದರೆ ತಪ್ಪಲ್ಲ. ಸಂಡೂರಿನ ಗಣಿಯೊಂದರ ಸ್ಟೋರಿನಲ್ಲಿ ಹೆಲ್ಮೆಟ್ಟು, ಬೂಟು, ಗವಸು ಹಂಚುತ್ತಲೇ ರಿಟೈರಾದವನು ನಾನು. ಕೈಗವಸಿನ ವಿಷಯದಲ್ಲಿ ಇಡೀ ಸೀಮೆಗೆ ನಾನೇ ಪ್ರಮಾಣ ಎಂಬ ಗುಟ್ಟಾದ ನಂಬಿಕೆ ನನಗಿತ್ತು. ಅಲ್ಲಿಯವರೆಗೆ ಯಾರೂ ವಿಚಾರಿಸಿರಲಿಲ್ಲ, ಅಷ್ಟೆ.

ಮೊದಲು ಒಯ್ದದ್ದು ವೆಲ್ಡಿಂಗಿನ ಚರ್ಮದ ಗವಸು. ಮೊಳಕೈವರೆಗೆ ಬರುವಂಥದ್ದು. ಅಕ್ಕ ತೊಟ್ಟು ಎರಡೂ ಕೈ ಎತ್ತಿ ಹಿಡಿದಳು.

"ಇದನ್ನ ಹಾಕ್ಕೊಂಡು ಕೌದಿ ಹೊಲಿಬೇಕೋ, ಎಮ್ಮಿ ಈಯಿಸಬೇಕೋ?"

ಬಟ್ಟೆ ಕೈಗೆ ತಿಳಿಯಬೇಕು ಎಂಬ ಅಂಶವನ್ನು ನಾನು ಗಮನಕ್ಕೆ ತೆಗೆದುಕೊಂಡಿರಲಿಲ್ಲ. ಮರುದಿನ ಮೆಡಿಕಲ್ ಶಾಪಿನ ತೆಳು ರಬ್ಬರಿನವು. ಹಿಡಿತ ಬಂತು. ಆದರೆ ಕಂಪ್ಲಿಯ ಸೆಖೆಗೆ ಒಳಗೆ ಬೆವರು ನಿಂತು, ಅಕ್ಕ ತೆಗೆದಾಗ ಕೈ ಗಂಜಿಯಲ್ಲಿ ನೆನೆಸಿದ ಹಾಗಿತ್ತು.

"ಮಾವ, ನೀ ಗ್ಲೌಸಿನ ಎಕ್ಸ್‌ಪರ್ಟ್ ಅಂತಿದ್ದಿ?" ಎಂದಳು ಸುಮಾ, ಕೂಸನ್ನು ತೊಡೆಯ ಮೇಲೆ ಆಡಿಸುತ್ತ.

"ನಾನು ಹಂಚತಿದ್ದೆ," ಎಂದೆ. "ಹಾಕ್ಕೊಂತಿದ್ದವರು ಬ್ಯಾರೆಯವರು."

ಆಗ ನೆನಪಾಯಿತು: ನೂಲಿನ ಗವಸು, ಅಂಗೈ ತುಂಬ ಸಣ್ಣ ರಬ್ಬರ್ ಚುಕ್ಕೆ. ಗಾಳಿ ಆಡುತ್ತದೆ, ಬಟ್ಟೆಯನ್ನು ಹಿಡಿಯುತ್ತದೆ. ನನ್ನ ಬಳಿಯೇ ಹಳೆಯ ಜೊತೆಯೊಂದಿತ್ತು. ಹೊಸದೇಕೆ ಎಂದು ಅದನ್ನೇ ಒಗೆದು, ಒಣಗಿಸಿ, ಬೆಳ್ಳಗಿದೆ ಎಂದು ಖಾತ್ರಿ ಮಾಡಿಕೊಂಡು ಒಯ್ದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಂಡೂರಿನ ಗಣಿಯಲ್ಲಿ ಅದಿರಿನ ಧೂಳಿಗೆ ಮರದ ಎಲೆ ಕೆಂಪು, ಪಾರಿವಾಳ ಕೆಂಪು, ಒಗೆದು ಮಡಿಸಿಟ್ಟ ಅಂಗಿ ಕೆಂಪು. ಅಷ್ಟು ವರ್ಷ ಅಲ್ಲಿದ್ದವನ ಕಣ್ಣು ಯಾವುದನ್ನು ಬಿಳಿ ಎನ್ನುತ್ತದೋ ಅದು ಉಳಿದ ಪ್ರಪಂಚಕ್ಕೆ ಬಿಳಿಯಲ್ಲ. ಇದನ್ನು ದೋಷ ಎನ್ನಬಾರದು, ದೃಷ್ಟಿಭೇದ ಎನ್ನಬೇಕು.

ಅಕ್ಕ ಗವಸು ತೊಟ್ಟು ಕೂತಳು. ಮಿಷನ್ನು ಓಡಿತು. ಹೊಲಿಗೆ ಗೆರೆ ಎಳೆದ ಹಾಗೆ ನೆಟ್ಟಗೆ ಬಂತು. ನಾನು ಕುರ್ಚಿಗೆ ಒರಗಿ ಚಹಾ ಕೇಳಿದೆ. ಅಷ್ಟರಲ್ಲಿ ಅವಳ ಕೈ ಬೆವೆತು, ನೂಲಿನ ಒಳಗೆ ಅಡಗಿದ್ದ ಸಂಡೂರಿನ ಗುಡ್ಡ ಹೊರಗೆ ಬಂತು. ಕೂಸಿನ ಮೈಗೆ ತಾಗಬೇಕಾದ ಬಿಳಿಯ ಧೋತರದ ಮೇಲೆ ಕೆಂಪನೆಯ ಎರಡು ಹಸ್ತ, ಐದೈದು ಬೆರಳು ಸಮೇತ.

ಅಕ್ಕ ಮಿಷನ್ನು ನಿಲ್ಲಿಸಿ, ಗವಸು ಕಳಚಿ ನನ್ನ ಮುಂದೆ ಹಿಡಿದಳು.

"ಇದನ್ನ ಒಗದೀದಿ ನೀ?"

"ಎರಡು ಸಲ."

"ಎದರಾಗ? ಕುಂಕುಮದಾಗೇನು?"

ಸೋಪು ಹಚ್ಚಿದರು, ನಿಂಬೆಹಣ್ಣು ತಿಕ್ಕಿದರು, ಬಿಸಿಲಿಗೆ ಹಾಕಿದರು. ಕೆಂಪು ನಸುಗೆಂಪಾಗಿ ಅಲ್ಲಿಗೇ ನಿಂತಿತು. ಬೀಗರು ಬರುವುದು ಮರುದಿನ. ಬೇರೆ ಮೆತ್ತನೆಯ ಧೋತರವೆಂದರೆ ಭಾವ ಉಟ್ಟುಕೊಂಡಿದ್ದುದು ಮಾತ್ರ. ಅಕ್ಕ ಆ ಕಡೆ ನೋಡಿದ್ದೇ ತಡ ಅವರು ಎದ್ದು ಅಂಗಳಕ್ಕೆ ಹೋದರು. ಅಕ್ಕನ ಕಣ್ಣಲ್ಲಿ ನೀರು ಬಂತು. ಅವಳು ಅಳುವುದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಚಹಾ ಅಲ್ಲೇ ಇಟ್ಟು ಎದ್ದು ಹೊಸಪೇಟೆ ಬಸ್ಸು ಹಿಡಿದೆ.

ಅದೇ ಚುಕ್ಕೆಯ ಗವಸನ್ನು ಹೊಸದಾಗಿ ತಂದಾಗ ದೀಪ ಹಚ್ಚುವ ಹೊತ್ತು. ದೊಡ್ಡದೇ ತಂದಿದ್ದೆ, ಕೊಡುವಾಗ ಧಾರಾಳವಾಗಿರಬೇಕೆಂಬುದು ಸ್ಟೋರಿನ ಅಭ್ಯಾಸ. ಅಕ್ಕ ಮಣಿಕಟ್ಟಿಗೆ ದಾರ ಸುತ್ತಿ ಬಿಗಿ ಮಾಡಿಕೊಂಡಳು. ಹೆಬ್ಬೆರಳು, ತೋರುಬೆರಳಿನ ತುದಿಗಳನ್ನು ಕತ್ತರಿಯಿಂದ ಕತ್ತರಿಸಿ ಹಾಕಿದಳು, ದಾರ ಹಿಡಿಯಲು. ಧೋತರದ ಮೇಲಿನ ಆ ಎರಡು ಕೆಂಪು ಹಸ್ತಗಳ ಮೇಲೆ ಸುಮಾಳ ಹಳೆಯ ಹಸಿರು ಸೀರೆಯ ತುಂಡುಗಳನ್ನಿಟ್ಟು ಮುಚ್ಚಿದಳು. ಆಮೇಲೆ ಕೌದಿ ಮುಗಿಯುವವರೆಗೆ ಏಳಲಿಲ್ಲ.

ಮರುದಿನ ಬೀಗತಿ ಕೌದಿಯನ್ನು ಕೈಗೆತ್ತಿಕೊಂಡು ತಿರುವಿ ನೋಡಿದರು. "ಭಾಳ ಮೆತ್ತಗೈತ್ರಿ. ಈ ಎರಡು ಹಸರು ತುಂಡು ಯಾಕ್ರೀ ಇಲ್ಲಿ?"

"ನಮ್ಮ ತಮ್ಮ ಸಹಿ ಹಾಕಿದ್ದ ರೀ," ಎಂದಳು ಅಕ್ಕ. "ಮುಚ್ಚೀನಿ."

ಬೀಗತಿಗೆ ತಿಳಿಯಲಿಲ್ಲ, ಆದರೂ ನಕ್ಕರು. ತಾವು ತಂದ ಹಾಸಿಗೆಯನ್ನು ತಾವೇ ಪಕ್ಕಕ್ಕಿಟ್ಟು, "ಮೊದಲ ಅಜ್ಜಿ ಕೌದಿ ಹಾಸ್ರಿ. ಇದು ಎಲ್ಲಿಗೆ ಓಡತೈತಿ?" ಎಂದರು. ಕೂಸು ಮಲಗಿತು. ಹೆಸರಿಡುವ ಮೊದಲೇ ಕೌದಿ ಒದ್ದೆ ಮಾಡಿತು. ಅಕ್ಕನ ಮುಖ ನೋಡಬೇಕಿತ್ತು; ರೇಷನ್ ಮಿಷನ್ನು ಹೆಬ್ಬೆಟ್ಟು ಒಪ್ಪಿದ್ದರೂ ಅಷ್ಟು ಅರಳುತ್ತಿರಲಿಲ್ಲ.

ಈಗ ಸುಮಾಳಿಗೆ ಎರಡನೆಯದು. ಮೊನ್ನೆ ಅಕ್ಕನ ಫೋನು: "ಗ್ಲೌಸು ತಾ. ಹೊಸಾವು. ಸಣ್ಣ ಸೈಜು. ನಿನ್ನ ಬುದ್ಧಿ ಅಲ್ಲೇ ಬಿಟ್ ಬಾ."

ಅಂಗಡಿಯವರು ಮೊಳೆ ತೂಗಿ ಬಂದರು. ದೊಡ್ಡ ಸೈಜೇ ಒಳ್ಳೆಯದು, ಬಾಳಿಕೆ ಬರುತ್ತದೆ ಎಂದು ಬಹಳ ಹೊತ್ತು ವಿವರಿಸಿದರು. ಗವಸಿನ ಬಗೆಗೆ ನನಗೆ ಗೊತ್ತಿರುವುದನ್ನು ನಾನು ಒಂದೂ ಹೇಳಲಿಲ್ಲ. ಸಣ್ಣದು ಕೊಡಿ ಎಂದೆ. ತೆಗೆದುಕೊಂಡು ಕಂಪ್ಲಿ ಬಸ್ಸು ಹತ್ತಿದೆ. ಅಕ್ಕ ಹಾಕಿ ನೋಡಿದಳು. ಎಡಗೈಯದು ಸ್ವಲ್ಪ ಬಿಗಿಯಾಯಿತು, ಬಲಗೈಯದು ಸರಿಹೋಯಿತು.