ರೈಲು ಬೀಳುತ್ತಿದ್ದ ಜಾಗ

ನನ್ನ ತಮ್ಮ ಹೊನ್ನಯ್ಯನ ಸುದ್ದಿ ಯಾರಾದರೂ ಎತ್ತಿದರೆ ಈಗಲೂ ನನ್ನ ಮೈ ಉರಿಯುತ್ತದೆ. “ಎಂಥ ಬುದ್ಧಿವಂತ ಕಣಮ್ಮ ನಿನ್ ತಮ್ಮ, ಮನೆಯೊಳ್ಗೇ ರೈಲು ಬುಟ್ಟಿದ್ನಂತೆ!” ಎಂದು ಹೊಗಳುವವರೇ ಎಲ್ಲ. ಬುದ್ಧಿವಂತನೇ, ಇಲ್ಲ ಅನ್ನುವುದಿಲ್ಲ. ಆ ಬುದ್ಧಿಯಿಂದ ನನಗೇನಾಯಿತು ಅನ್ನುವುದನ್ನೂ ಕೇಳಿ, ಆಮೇಲೆ ಹೊಗಳಿ.

ನಮ್ಮ ತವರು ಹನಕೆರೆ. ರೈಲ್ವೆ ಸ್ಟೇಷನ್ನು ಮನೆಗೆ ಕೂಗಳತೆಯಲ್ಲಿತ್ತು. ದನ ಕಾಯಲು ಕಳಿಸಿದರೆ ಇವನು ದನ ಬಿಟ್ಟು ಕಂಬಿ ರಿಪೇರಿಯವರ ಹಿಂದೆ ಅಲೆಯುತ್ತಿದ್ದ. ಅಪ್ಪ ಬಾರುಕೋಲಿನಲ್ಲಿ ಬಾರಿಸಿದರೂ ಆ ಹುಚ್ಚು ಬಿಡಲಿಲ್ಲ. ದೊಡ್ಡವನಾದ ಮೇಲೆ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತು, ಮಾಯಮ್ಮನ ಜೊತೆ ಮದುವೆಯೂ ಆಯಿತು, ಅಲ್ಲೇ ಮನೆ ಮಾಡಿದ್ದೂ ಆಯಿತು. ಆಗಿ ಏನು ಬಂತು? ಕೆಲಸ ಬಿಟ್ಟರೆ ಹೆಂಡದಂಗಡಿ, ಹೆಂಡದಂಗಡಿ ಬಿಟ್ಟರೆ ಇಸ್ಪೀಟು. ಆ ಹುಡುಗಿ ಅಟ್ಟದಿಂದ ರಾಗಿ ಇಳಿಸುವಾಗ ಏಣಿ ಜಾರಿ ಬಿದ್ದು ಎರಡೂ ಕಾಲಿನ ಸ್ವಾಧೀನ ಕಳೆದುಕೊಂಡಳು. ಆ ಹೊತ್ತಿನಲ್ಲೂ ಇವನು ಇಸ್ಪೀಟು ಹಿಡಿದೇ ಕೂತಿದ್ದ. ಆಸ್ಪತ್ರೆಯವರೂ ನಾಟಿ ವೈದ್ಯರೂ ಕೈ ಚೆಲ್ಲಿದರು.

ಅವಳನ್ನು ನೋಡಿಕೊಳ್ಳಲು ನನ್ನನ್ನು ಬಂಡೂರಿನಿಂದ ಕರೆಸಿಕೊಂಡ. ಬಂಡೂರು ನನ್ನ ಗಂಡನ ಊರು, ಮಳವಳ್ಳಿ ತಾಲ್ಲೂಕು. ಹಟ್ಟಿ ತುಂಬ ಕುರಿಯಿದ್ದವು, ಮನೆಯಲ್ಲಿ ತೊಟ್ಟಿಲು ಮಾತ್ರ ಕಟ್ಟಲಾಗಲಿಲ್ಲ. “ಒಂದು ತಿಂಗ್ಳು ಇದ್ದು ಬಾ” ಎಂದು ಯಜಮಾನರು ಕಳಿಸಿದರು. ಆ ಒಂದು ತಿಂಗಳು ಬೆಳೆದು ಎರಡು ವರ್ಷವಾಯಿತು. ಯುದ್ಧದ ಕಾಲ ಬೇರೆ, ಅಕ್ಕಿಯಿಲ್ಲ, ಸೀಮೆಎಣ್ಣೆಯಿಲ್ಲ, ಅವಳ ಮೈ ಒರೆಸು, ಬಟ್ಟೆ ಒಗೆ, ಮುದ್ದೆ ತಿರುವು. ನನ್ನ ಗೋಳು ಕೇಳುವವರು ಯಾರು!

ನಾನು ಬಂದ ಹೊಸದರಲ್ಲಿ ಒಂದು ಸಂಜೆ ಒಲೆ ಮುಂದೆ ಕೂತಿದ್ದೆ. ಹಿಂದೆ ಏನೋ ಕರಕರ ಸದ್ದಾಯಿತು. ತಿರುಗಿ ನೋಡುತ್ತೇನೆ, ಸೀಮೆಎಣ್ಣೆ ಡಬ್ಬದ ತಗಡಿನ ಎಂಜಿನ್ನು ಎರಡು ಗಾಡಿ ಎಳೆದುಕೊಂಡು ನನ್ನ ಮೇಲೇ ಬರುತ್ತಿದೆ! ಕಿಟಾರನೆ ಕಿರುಚಿ ಮುದ್ದೆ ಕೋಲು ಎತ್ತಿಕೊಂಡೆ. ನಡುಮನೆಯಲ್ಲಿ ಗಂಡ ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದರು. “ಒಡೀಬ್ಯಾಡ ಕಣಕ್ಕ, ನೀರಿನ ಲೋಟ ಇಡು ಅದ್ರ ಮ್ಯಾಲೆ” ಎಂದ ಹೊನ್ನ.

ಲೋಟ ಇಟ್ಟೆ. ಅದು ಒಲೆ ಮನೆಯಿಂದ ನಡುಮನೆಗೆ ಹೋಯಿತು, ಮಾಯಮ್ಮನ ಮಂಚದ ಪಕ್ಕದಲ್ಲಿ ಹಾದುಹೋಗುವಾಗ ಅವಳು ಮಲಗಿದ್ದ ಹಾಗೇ ಲೋಟ ಎತ್ತಿಕೊಂಡಳು. ಆಮೇಲೆ ಅದು ಹಿತ್ತಲ ಬಾಗಿಲ ಹತ್ತಿರ ತಿರುಗಿ ಮತ್ತೆ ನನ್ನ ಬಳಿಗೇ ಬಂತು. ಬಟ್ಟೆ ಮೂಟೆಗೆ ಬಿಗಿಯುತ್ತಾರಲ್ಲ, ಆ ಕಬ್ಬಿಣದ ಪಟ್ಟಿಗಳನ್ನೇ ಬಿದಿರಿನ ಅಡ್ಡಕಡ್ಡಿಗಳ ಸೀಳಿನಲ್ಲಿ ನಿಲ್ಲಿಸಿ ಕಂಬಿ ಮಾಡಿದ್ದ. ಎಂಜಿನ್ನಿನ ಹೊಟ್ಟೆಯೊಳಗೆ ಗ್ರಾಮಫೋನಿನ ಸ್ಪ್ರಿಂಗು. ಅದನ್ನು ಕೊಟ್ಟವನು ಪೇಟೆಯಲ್ಲಿ ಗಡಿಯಾರ, ಗ್ರಾಮಫೋನು ರಿಪೇರಿ ಮಾಡುವ ಬಾಬು ಜಾನ್. ನನಗೆ ರೈಲಿಗಿಂತ ಹೆಚ್ಚು ಆಶ್ಚರ್ಯವಾದದ್ದು ನನ್ನ ತಮ್ಮನನ್ನು ಕಂಡು. ಹೆಂಡದಂಗಡಿ ಬಿಟ್ಟಿದ್ದ, ಇಸ್ಪೀಟು ಬಿಟ್ಟಿದ್ದ. ಕಾರ್ಖಾನೆಯಿಂದ ಬಂದವನು ನೆಟ್ಟಗೆ ಹೆಂಡತಿಯ ಮಂಚದ ಕೆಳಗೆ ಕೂತು ಕಂಬಿ ತಟ್ಟುತ್ತಿದ್ದ.

ಎರಡನೇ ವರ್ಷದ ದೀಪಾವಳಿಯ ಹೊತ್ತಿಗೆ ರೈಲು ಬೀಳತೊಡಗಿತು. ಮೊದಲು ಮಂಚದ ಪಕ್ಕದಲ್ಲೇ ಬೀಳುತ್ತಿತ್ತು. ಹೊನ್ನ ಕಂಬಿಗಳ ನಡುವೆ ಅಳತೆಕಡ್ಡಿ ಇಟ್ಟು ನೋಡಿ, ಅಗಲವಾಗಿದೆ ಎಂದು ಹೊಸ ಅಡ್ಡಕಡ್ಡಿ ಹಾಕಿದ. ಅಲ್ಲಿ ಸರಿಹೋಯಿತು ಅನ್ನುವಷ್ಟರಲ್ಲಿ ಸ್ವಲ್ಪ ಮುಂದೆ ಬಿತ್ತು. ಅಲ್ಲಿ ರಿಪೇರಿ ಮಾಡಿದರೆ ಇನ್ನೂ ಮುಂದೆ. ಕೊನೆಗೆ ಹಿತ್ತಲ ಬಾಗಿಲ ತಿರುವಿನಲ್ಲಿ ದಿನವೂ ಬೀಳುವುದೇ ಆಯಿತು. ರಾತ್ರಿ ಸರಿಯಾಗಿ ಓಡಿದ್ದು ಮರುದಿನ ಸಂಜೆಗೆ ಅಲ್ಲೇ ಮಗುಚಿಕೊಳ್ಳುತ್ತಿತ್ತು. ಇದೆಂಥ ಕಾಟ ಎಂದು ನನಗೇ ತಲೆ ಕೆಟ್ಟಿತು.

ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ ಎಂದು ಒಂದು ದಿನ ಕಂಬಿ ಸೇರುವ ಕಡೆಯೆಲ್ಲ ಸಂದು ಬಿಟ್ಟ. ಬಿತ್ತು. “ನೀನು ಸಗಣಿ ಸಾರಿಸ್ತೀಯ, ಅಸಿ ನೆಲಕ್ಕೆ ಬಿದಿರು ಊದ್ಕತದೆ” ಎಂದ. ಆ ಮೂಲೆ ಸಾರಿಸುವುದನ್ನೇ ಬಿಟ್ಟೆ. ಬಿತ್ತು. ಇಲಿ ಇರಬಹುದೆಂದು ಬೋನು ಇಟ್ಟೆವು, ಪಕ್ಕದ ಮನೆಯ ಬೆಕ್ಕಿನ ಬಾಲ ಸಿಕ್ಕಿಕೊಂಡು ಬೀದಿಯೆಲ್ಲ ರಂಪವಾಯಿತು. ಬಾಬು ಜಾನ್ ಬಂದು ತಿರುವಿನಲ್ಲಿ ಹೊರಗಿನ ಕಂಬಿಯನ್ನು ಸ್ವಲ್ಪ ಎತ್ತರಿಸಿಕೊಟ್ಟ. ಆದರೂ ಬಿತ್ತು.

ಇದರ ನಡುವೆ ಸಂಕ್ರಾಂತಿ ಬಂತು. ಬಂಡೂರಿನ ಮರಿಸಿದ್ದಯ್ಯ ಕುರಿ ಮಾರಲು ಮಂಡ್ಯಕ್ಕೆ ಬಂದವನು ಮನೆಗೆ ಬಂದು, ನಡುಮನೆಯಲ್ಲಿ ಎಲ್ಲರ ಎದುರಿಗೇ ಹೇಳಿಬಿಟ್ಟ: “ಯುಗಾದಿ ಒಳ್ಗೆ ನೀನು ಬರ್ದೇ ಓದ್ರೆ ನಿನ್ ಗಂಡ ಇನ್ನೊಬ್ಬಳ್ನ ತಂದ್ಕತಾನಂತೆ ಕಣಮ್ಮ. ತಿಳಿಸ್ಬುಡು ಅಂದ, ತಿಳಿಸ್ದೆ.”

ಮಕ್ಕಳಿಲ್ಲದವಳಿಗೆ ಗಂಡನ ಮನೆಯ ಹೊಸ್ತಿಲು ತಪ್ಪಿದರೆ ಇನ್ನೇನಿದೆ? ಹೋಗೋಣವೆಂದರೆ ಕಾಲಿಲ್ಲದ ಹುಡುಗಿಯನ್ನು ಯಾರ ಕೈಗೆ ಹಾಕಿ ಹೋಗಲಿ? ಮಾಯಮ್ಮ ಗೋಡೆ ಕಡೆ ಮುಖ ತಿರುಗಿಸಿದಳು. ಪಾಪ, ತನ್ನಿಂದ ಹೀಗಾಯಿತೆಂದು ನೊಂದುಕೊಂಡಳು ಅಂದುಕೊಂಡೆ. ಹೊನ್ನ ಮರಿಸಿದ್ದಯ್ಯನನ್ನು ಬೀದಿಯವರೆಗೂ ಕಳಿಸಿ ಬಂದ. “ಯೋಚ್ನೆ ಮಾಡ್ಬ್ಯಾಡ ಕಣಕ್ಕ, ಏನಾದ್ರೂ ಮಾಡಾನ” ಎಂದ. ನಾನು ನಂಬಿದೆ. ಒಡಹುಟ್ಟಿದವನನ್ನು ನಂಬದೆ ಇನ್ಯಾರನ್ನು ನಂಬಲಿ?

ಯುಗಾದಿ ಹತ್ತಿರ ಬಂದಾಗ ಬಾಬು ಜಾನ್ ಇನ್ನೊಮ್ಮೆ ಬಂದು ಆ ತಿರುವಿನ ಕಂಬಿ ಬಿಚ್ಚಿ ಬೆಳಕಿಗೆ ಹಿಡಿದ. “ಇದು ಬಿಸಿಲೂ ಅಲ್ಲ, ಇಲೀನೂ ಅಲ್ಲ, ಹೊನ್ನಯ್ಯ. ಯಾರೋ ಕಾಲಿಟ್ಟು ತುಳಿದಿದ್ದಾರೆ” ಎಂದ. ಹೊನ್ನ ನನ್ನ ಕಡೆ ಕೈ ತೋರಿಸಿದ. “ಇನ್ಯಾರು, ನಮ್ಮಕ್ಕನೇ. ಬಟ್ಟೆ ಗಂಟು ಒತ್ಕಂಡು ಇತ್ಲಿಗೆ ಓಡಾಡ್ತಾಳಲ್ಲ.”

ನನಗೆ ಹೇಗಾಗಿರಬೇಡ! ಎರಡು ವರ್ಷದಿಂದ ಆ ಕಂಬಿಗಳನ್ನು ದೇವರ ಮುಂದಿನ ರಂಗೋಲಿ ದಾಟುವ ಹಾಗೆ ದಾಟಿಕೊಂಡು ಓಡಾಡಿದವಳು ನಾನು. “ಲೇ, ನಾನು ತುಳಿದಿದ್ರೆ ನನ್ ಕಾಲು ಮುರಿದೋಗ್ಲಿ ಕಣ್ಲಾ! ನಿನ್ ಬಾಯಲ್ಲಿ ಉಳ ಬೀಳ!” ಎಂದು ಬಾಯಿಗೆ ಬಂದ ಹಾಗೆ ಉಗಿದೆ. ತುಳಿದವರು ಯಾರೆಂದು ತೋರಿಸಿಯೇ ತೀರುತ್ತೇನೆಂದು ಹಟ ಹಿಡಿದೆ.

ಮರುದಿನ ಮಾಯಮ್ಮನಿಗೆ ಊಟವಾಗಿ ಜೋಂಪು ಹತ್ತಿದ ಮೇಲೆ ಒಲೆಯ ಬೂದಿಯನ್ನು ಸೆರಗಿನ ತುದಿಯಲ್ಲಿ ಸೋಸಿ ಆ ತಿರುವಿನ ಸುತ್ತ ತೆಳ್ಳಗೆ ಉದುರಿಸಿದೆ. ಆ ಮೂಲೆಯಲ್ಲಿ ಬೆಳಕು ಕಮ್ಮಿ, ಗೊತ್ತಿಲ್ಲದವರಿಗೆ ಬೂದಿ ಕಾಣುವುದಿಲ್ಲ. ಬೀದಿ ಬಾಗಿಲಿಗೆ ಬೀಗ ಹಾಕಿ ಬಟ್ಟೆ ಒಗೆಯಲು ನಾಲೆಗೆ ಹೋದೆ. ವಾಪಸು ಬರುವ ಹೊತ್ತಿಗೆ ಹೊನ್ನ ಕಾರ್ಖಾನೆಯಿಂದ ಬಂದು ಜಗುಲಿ ಮೇಲೆ ಕೂತಿದ್ದ. “ಬಾರ್ಲಾ, ನಿನ್ ಕಣ್ಣಾರೆ ನೋಡು ಬಾ” ಎಂದು ಎಳೆದುಕೊಂಡು ಹೋಗಿ ದೀಪ ಹಿಡಿದೆ.

ಬೂದಿಯಲ್ಲಿ ಹೆಜ್ಜೆ ಮೂಡಿತ್ತು. ಮನುಷ್ಯರ ಬರಿಗಾಲಿನ ಹೆಜ್ಜೆ. ಎರಡನೇ ಬೆರಳಿನ ಬುಡದಲ್ಲಿ ಕಾಲುಂಗುರದ ಗೆರೆ.

ಅಯ್ಯೋ ದೇವರೇ, ನಾನೇ ತುಳಿದೆನೇ ಎಂದು ಒಂದು ಕ್ಷಣ ನನ್ನ ಮೇಲೆ ನನಗೇ ಅನುಮಾನ ಬಂತು. ಪಕ್ಕದಲ್ಲಿ ನನ್ನ ಪಾದ ಇಟ್ಟು ನೋಡಿದೆ. ನನ್ನದು ದುಡಿದು ದುಡಿದು ಅಗಲವಾದ ಪಾದ. ಆ ಹೆಜ್ಜೆ ಚಿಕ್ಕದು, ಸಪೂರ. ಬೀದಿ ಬಾಗಿಲಿಗೆ ಬೀಗ, ಹಿತ್ತಲಿಗೆ ಆಳೆತ್ತರದ ಗೋಡೆ. ಈ ಮನೆಯಲ್ಲಿ ಕಾಲುಂಗುರ ಹಾಕಿದ ಹೆಂಗಸು ನನ್ನನ್ನು ಬಿಟ್ಟರೆ ಇನ್ನೊಬ್ಬಳೇ.

“ಬುಡಕ್ಕ, ಏನಿಲ್ಲ, ಬುಡು” ಎನ್ನುತ್ತಾ ಹೊನ್ನ ಹೆಗಲ ಮೇಲಿನ ಟವಲು ಎಳೆದು ಗಡಿಬಿಡಿಯಿಂದ ಬೂದಿ ಒರೆಸತೊಡಗಿದ. ನಾನು ಮಂಚದ ಹತ್ತಿರ ಹೋಗಿ ಮಾಯಮ್ಮನ ಹೊದಿಕೆ ಕಿತ್ತೆಸೆದೆ. ಎರಡೂ ಅಂಗಾಲು ಬೂದಿ ಬಣ್ಣಕ್ಕಿದ್ದವು.

ಹೆತ್ತ ಕೂಸಿನ ಹಾಗೆ ಈ ಕಾಲುಗಳನ್ನು ಎಣ್ಣೆ ಹಚ್ಚಿ ತಿಕ್ಕಿದ್ದೇನೆ!

ಮಾಯಮ್ಮ ಮಂಚದಿಂದ ಇಳಿದಳು. ನನ್ನ ಕಣ್ಣೆದುರಿಗೇ ಇಳಿದು, ನಡೆದು ಬಂದು, ನನ್ನ ಕಾಲು ಹಿಡಿದುಕೊಂಡಳು. “ತೆಪ್ಪಾಯ್ತು ಕಣಕ್ಕಯ್ಯ. ನಾನು ಓಡಾಡ್ಕಂಡಿದ್ದಾಗ ಇವ್ರು ಒಂದಿನಾನಾದ್ರೂ ಮನೇಲಿ ಕೂತಿದ್ರಾ? ನಾನು ಬಿದ್ದ ಮ್ಯಾಲೇ ನಂಗೆ ಗಂಡ ಸಿಕ್ಕಿದ್ದು. ಎದ್ದುಬುಟ್ರೆ ಮತ್ತೆ ಎಂಡದಂಗಡಿಗೆ ಓಯ್ತಾರೆ ಅಂತ ಬಯ ಆಯ್ತು” ಎಂದು ಬಿಕ್ಕಿದಳು.

ಅವಳನ್ನು ಬೈಯಲು ಬಾಯಿ ತೆರೆದವಳು ತಮ್ಮನ ಮುಖ ನೋಡಿದೆ. ಹೆಂಡತಿ ಎದ್ದು ನಡೆದದ್ದು ಕಂಡು ಅವನು ಬೆಚ್ಚಿಬೀಳಬೇಕಿತ್ತು. ತಲೆ ತಗ್ಗಿಸಿಕೊಂಡು ಟವಲು ಕೊಡವುತ್ತಿದ್ದ.

“ನಿಂಗೆ ಗೊತ್ತಿತ್ತೇನ್ಲಾ?” ಎಂದೆ.

“ದೀಪಾವಳಿಯಿಂದ ಗೊತ್ತು ಕಣಕ್ಕ. ಮೊದ್ಲು ಮಂಚದತಾವ್ಲೇ ಕಂಬಿ ಬಗ್ಗೋದು. ಆಮ್ಯಾಲೆ ದಿನಾ ಒಸಿ ಒಸಿ ಮುಂದೆ ಓಯ್ತಾ ಇತ್ತು. ಇಷ್ಟು ದೂರ ನಡೆದವ್ಳೆ, ಇಷ್ಟು ದೂರ ನಡೆದವ್ಳೆ ಅಂತ ಕಂಬಿ ನೋಡೇ ತಿಳ್ಕತಿದ್ದೆ. ನಾನು ಬಾಯ್ಬುಟ್ರೆ ಮತ್ತೆ ಮಲಗ್ಬುಡ್ತಾಳೆ ಅಂತ ಸುಮ್ಕಿದ್ದೆ.”

ಮಾಯಮ್ಮ ಅಳು ನಿಲ್ಲಿಸಿ ಗಂಡನನ್ನೇ ಕಣ್ಣರಳಿಸಿ ನೋಡಿದಳು. ಅವಳ ಮುಖದಲ್ಲಿ ಸಂತೋಷವಿತ್ತು, ಸುಳ್ಳೇಕೆ ಹೇಳಲಿ. ನಾನು ಕೈಯಲ್ಲಿದ್ದ ದೀಪವನ್ನು ನೆಲಕ್ಕೆ ಕುಕ್ಕಿದೆ.

“ನನ್ ಸಂಸಾರ? ಯುಗಾದಿ ಅಂದಿದ್ರಲ್ಲ, ನೀವಿಬ್ರೂ ಇಲ್ಲೇ ಇದ್ರಲ್ಲ! ನನ್ ಗತಿ ನೆನಪಾಗ್ಲಿಲ್ವೇನ್ಲಾ?”

“ಮರ್ತೇ ಓಗಿತ್ತು ಕಣಕ್ಕ” ಎಂದ. ಅಷ್ಟೇ ಅಂದ.

ಬೆಳಗಿನ ಬಸ್ಸಿಗೇ ಹೊರಟೆ. ಯುದ್ಧದಿಂದ ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಆಗಿನ ಬಸ್ಸು ಏರು ಸಿಕ್ಕಿದಲ್ಲೆಲ್ಲ ನಿಂತು ಏದುಸಿರು ಬಿಡುತ್ತಿತ್ತು. ನಾವೆಲ್ಲ ಇಳಿದು ತಳ್ಳಿದೆವು. ಮಳವಳ್ಳಿಯಲ್ಲಿ ಇಳಿದು ಬಂಡೂರಿಗೆ ಬಿಸಿಲಿನಲ್ಲೇ ನಡೆದೆ. ಯುಗಾದಿಗೆ ಇನ್ನೂ ದಿನವಿದೆ, ಬೈಗುಳ ತಿಂದರೂ ಸರಿ, ನನ್ನ ಮನೆ ನನಗೆ ಉಳಿಯಿತಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿಗೆ ಹೇಳಿಕೊಂಡೆ.

ಬಾಗಿಲಿಗೆ ಹೋದರೆ ಒಳಗಿನಿಂದ ಒಬ್ಬ ಹೆಂಗಸು ಕೈ ಒರೆಸಿಕೊಳ್ಳುತ್ತಾ ಬಂದಳು. ಕತ್ತಿನಲ್ಲಿ ಹೊಸ ತಾಳಿ. “ಯಾರವ್ವಾ, ಯಾರ್ನ ನೋಡ್ಬೇಕಾಗಿತ್ತು?” ಎಂದು ಕೇಳಿದಳು.

ಜಗುಲಿ ಮೇಲೆ ಕೂತೆ. ಕುರಿ ಹಟ್ಟಿಯಿಂದ ಯಜಮಾನರು ಬಂದರು. ನನ್ನನ್ನು ಕಂಡು ಅವರೂ ದಂಗಾದರು.

“ಯುಗಾದಿ ಅಂದಿದ್ರಲ್ಲಾ” ಎಂದೆ.

“ಇನ್ಯಾಕೆ ಕಾಯ್ಲಿ? ಸಂಕ್ರಾಂತೀಲಿ ಮರಿಸಿದ್ದಯ್ಯನ್ನ ಬೀದಿಗಂಟ ಕರ್ಕಂಡು ಬಂದು ನಿನ್ ತಮ್ಮನೇ ಮಾತು ಕಳಿಸ್ದ. ‘ನನ್ನೆಡ್ತಿ ಇನ್ನು ಎದ್ದೇಳಾಕಿಲ್ಲ, ಅಕ್ಕ ಇಲ್ಲೇ ಇರ್ತಾಳೆ, ಭಾವ ಅವ್ರ ದಾರಿ ಅವ್ರು ನೋಡ್ಕಳ್ಲಿ’ ಅಂದ್ನಂತೆ. ನಿಂಗೊತ್ತಿಲ್ವಾ?”

ಗೊತ್ತಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಹೆಂಡತಿ ನಡೆಯುವುದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ನನ್ನನ್ನು ಅವನು ಮರೆತೇ ಇರಲಿಲ್ಲ! ಬೇಯಿಸಿಹಾಕುವವಳು ಬೇಕಾಗಿದ್ದಳು, ನೆನಪಿಟ್ಟುಕೊಂಡೇ ನನ್ನ ಮನೆಗೆ ಕಲ್ಲು ಹಾಕಿದ್ದ.

ಆ ಹೆಂಗಸು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು. ಜೊತೆಗೆ ಒಂದು ಚೂರು ಬೆಲ್ಲ. ದೂರದಿಂದ ಬಂದ ನೆಂಟರಿಗೆ ಕೊಡುತ್ತಾರಲ್ಲ, ಹಾಗೇ ನನ್ನ ಮುಂದೆ ಇಟ್ಟಳು.