ಬಂಬದ ಮೊದಲ ಬಕೆಟ್

ಗೀಸರ್‌ ನೀರು ಒಂದು ನಿಮಿಷ ತಡವಾಯಿತೆಂದು ಇವತ್ತು ಮಗಳು ಗೊಣಗಿದಳು. ನನಗೆ ಬಿಬವೇವಾಡಿಯ ಹಳೇ ಮನೆಯ ನೀರು ಕಾಯಿಸುವ ತಾಮ್ರದ ಬಂಬದ ಹೊಗೆ ಮೂಗಿಗೆ ಬಡಿಯಿತು.

ನಮ್ಮಲ್ಲಿ ಹಿರಿತನದ ಪ್ರಕಾರ ಸ್ನಾನ. ಎಲ್ಲರಿಗಿಂತ ಕಿರಿಯನಾದ ನನ್ನ ಸರದಿಗೆ ಬಿಸಿನೀರು ಮುಗಿದು ಬರೀ ತಣ್ಣೀರು. ಪಕ್ಕದ ಮನೆ ಸಂಜುವಿನ ಬಚ್ಚಲಿಂದ ಗೀಸರಿನ ಹಬೆ ಏಳುವಾಗ ನನ್ನ ಹೊಟ್ಟೆಯೊಳಗೇ ಇನ್ನೊಂದು ಬಂಬ ಉರಿಯುತ್ತಿತ್ತು.

"ನಾ ಅವರ ಮನ್ಯಾಗ ಹುಟ್ಟಬೇಕಿತ್ತು," ಅಂದೆ ಒಮ್ಮೆ.

"ಹೋಗಪಾ, ಟಾವೆಲ್ ಮಾತ್ರ ಇಲ್ಲೇ ಬಿಟ್ಟು ಹೋಗು," ಅಂದಳು ಅಜ್ಜಿ.

ಮರುದಿನ ತನ್ನ ಪಾಲಿನ ಮೊದಲ ಬಕೆಟ್ ನನ್ನ ಮುಂದಿಟ್ಟಳು. ಹಬೆಯಾಡುವ ನೀರಿಗೆ ನಾನು ಕುಣಿದೆ. ಎಲ್ಲರೂ ಮಿಂದ ಮೇಲೆ ಅಜ್ಜಿ ತಣ್ಣೀರು ಸುರಿದುಕೊಂಡಳು.

ಈಗ ಗುಂಡಿ ಒತ್ತಿದರೆ ಬಿಸಿನೀರು. ಸಂಜುವಿನ ಮೇಲಿನ ಕಿಚ್ಚು ಎಂದೋ ಆರಿದೆ. ಈಗ ಹೊಟ್ಟೆ ಉರಿಯುವುದು, ಒಂದೇ ಬಕೆಟ್‌ಗೆ ಕುಣಿದ ಆ ಹುಡುಗನ ಮೇಲೆ.